ಎರಡೂ ಪೈಪು ಬಿಸಿ

ಕಾರಿನ ಹೀಟರ್ ಕೆಟ್ಟಿದೆ ಎಂದು ಬೇಸಿಗೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಎಂಟು ತಿಂಗಳು ಆ ಗುಂಡಿಯ ಕಡೆ ಕಣ್ಣೆತ್ತಿಯೂ ನೋಡದ ಪುಣ್ಯಾತ್ಮರು, ಗಾಜಿನ ಮೇಲೆ ಮೊದಲ ಸಲ ಹಿಮ ಕಟ್ಟಿದ ಬೆಳಿಗ್ಗೆ ಗ್ಯಾರೇಜಿನ ಮುಂದೆ ಸಾಲು ಹಚ್ಚಿ ನಿಂತು, ಈಗಿಂದೀಗಲೇ ಆಗಬೇಕು ಎಂದು ಮೇಸ್ತ್ರಿಯ ಪ್ರಾಣ ತಿನ್ನುತ್ತಾರೆ. ಮೇಸ್ತ್ರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಚಳಿಗಾಲದ ಆ ನಾಲ್ಕು ತಿಂಗಳು ಅವನದೇ ದರ್ಬಾರು.

ಅವನ ನಿಜವಾದ ಹೆಸರು ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಕೈಮೀಟರ್ ಮೇಸ್ತ್ರಿ. ಆ ಹೆಸರು ಬಂದದ್ದು ಅವನ ಕೆಲಸದ ರೀತಿಯಿಂದ. ಹೀಟರ್ ಅಂದರೆ ಏನು ಮಹಾ? ಎಂಜಿನ್ನಿನಲ್ಲಿ ಕಾದ ನೀರು ಒಂದು ರಬ್ಬರ್ ಪೈಪಿನಲ್ಲಿ ಒಳಗೆ ಹೋಗಿ, ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಒಂದು ಸಣ್ಣ ಜಾಲರಿಯಲ್ಲಿ ಸುತ್ತಿ, ಇನ್ನೊಂದು ಪೈಪಿನಲ್ಲಿ ವಾಪಸ್ಸು ಬರುತ್ತದೆ. ಆ ಜಾಲರಿಯ ಮೇಲೆ ಫ್ಯಾನು ಗಾಳಿ ಊದುತ್ತದೆ, ಅಷ್ಟೇ. ಮೇಸ್ತ್ರಿ ಎಂಜಿನ್ನನ್ನು ಹತ್ತು ನಿಮಿಷ ಓಡಲು ಬಿಟ್ಟು, ಬಾನೆಟ್ ಎತ್ತಿ, ಬಲಗೈಯಲ್ಲಿ ಒಂದು ಪೈಪು ಎಡಗೈಯಲ್ಲಿ ಇನ್ನೊಂದು ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಂದು ಬಿಸಿ ಇನ್ನೊಂದು ತಣ್ಣಗಿದ್ದರೆ ಜಾಲರಿ ಕಟ್ಟಿಕೊಂಡಿದೆ ಎಂದು ಅರ್ಥ. ಎರಡೂ ಬಿಸಿಯಿದ್ದರೆ ನೀರಿನ ದಾರಿ ಸರಿಯಿದೆ, ತೊಂದರೆ ಒಳಗೆ ಗಾಳಿ ತಿರುಗಿಸುವ ಫ್ಲಾಪಿನಲ್ಲಿ. ಇಷ್ಟು ಹೇಳಲು ಅವನಿಗೆ ಒಂದು ನಿಮಿಷವೂ ಬೇಕಾಗುತ್ತಿರಲಿಲ್ಲ.

ಬಿಡಿಭಾಗದ ಅಂಗಡಿಯವನು ಒಮ್ಮೆ ಪಿಸ್ತೂಲಿನಂಥ ಥರ್ಮಾಮೀಟರ್ ತಂದು, ಹತ್ತು ಜನರ ಎದುರು ಇವನ ಕೈಯನ್ನು ಪರೀಕ್ಷೆ ಮಾಡಿದ್ದ. ಇವನು ಹೇಳಿದ್ದಕ್ಕೂ ಅದು ತೋರಿಸಿದ್ದಕ್ಕೂ ಎರಡು ಡಿಗ್ರಿ ವ್ಯತ್ಯಾಸ ಬಂತು. "ಆ ಎರಡು ಡಿಗ್ರಿ ನಿನ್ನ ಪಿಸ್ತೂಲಿಂದೇ ತಪ್ಪು, ವಾಪಸ್ ಕಳಿಸು ಅದನ್ನ" ಎಂದ ಮೇಸ್ತ್ರಿ. ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಆ ಹೆಸರು ಅಂಟಿತು, ಅವನ ತಲೆಯೂ ಸ್ವಲ್ಪ ಮೇಲಕ್ಕೆ ಹೋಯಿತು.

ಅವನನ್ನು ಈ ಕೆಲಸಕ್ಕೆ ಹಚ್ಚಿದ್ದು ಅಕ್ಕ. ಅವನಿಗೆ ಆರು ವರ್ಷವಾದಾಗ ತಾಯಿ ಹೋದಳು; ತಂದೆ ಲಾರಿ ಹತ್ತಿ ಊರೂರು ಸುತ್ತುವವನು. ಹದಿನಾಲ್ಕು ವರ್ಷದ ಅಕ್ಕ ಬಟ್ಟೆ ಹೊಲಿದು ತಮ್ಮನನ್ನು ಸಾಕಿದಳು. ಅವನಿಗೆ ವಿದ್ಯೆ ತಲೆಗೆ ಹತ್ತಲಿಲ್ಲ. ಒಂದು ದಿನ ಅವಳಿಲ್ಲದ ಹೊತ್ತು ನೋಡಿ ಅವಳ ಹೊಲಿಗೆ ಯಂತ್ರವನ್ನೇ ಬಿಚ್ಚಿ ಹಾಕಿ, ಜೋಡಿಸಲಾಗದೆ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅಕ್ಕ ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ದಿನ ಕೈಹಿಡಿದು ಗ್ಯಾರೇಜಿಗೆ ಕರೆದುಕೊಂಡು ಹೋಗಿ, "ಇವನು ಬಿಚ್ಚೋದು ತಾನೇ ಕಲಿತಿದ್ದಾನೆ, ಜೋಡಿಸೋದು ನೀವು ಕಲಿಸಿ" ಎಂದು ಬಿಟ್ಟು ಬಂದಳು. ಅಂಥ ಅಕ್ಕ ಅವಳು. ಇವನು ಸ್ವಂತ ಗ್ಯಾರೇಜು ಹಾಕುವವರೆಗೂ ತನ್ನ ಮದುವೆಯ ಮಾತೆತ್ತಲು ಯಾರನ್ನೂ ಬಿಡಲಿಲ್ಲ.

ಆ ಅಕ್ಕನ ಎರಡೂ ಮೂತ್ರಪಿಂಡಗಳು ಎರಡು ವರ್ಷದ ಹಿಂದೆ ಕೈಕೊಟ್ಟವು. ಬುಧವಾರ ಒಂದು ಸಲ, ಶನಿವಾರ ಒಂದು ಸಲ, ಗುಡ್ಡ ದಾಟಿ ಒಂದೂವರೆ ತಾಸು ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ನಾಲ್ಕು ತಾಸು ರಕ್ತ ಮೈಯ ಹೊರಗೆ ಸುತ್ತಿ ಬಂದರೆ ಮೈಯಲ್ಲಿ ಬಿಸಿ ಎಲ್ಲಿ ಉಳಿಯುತ್ತದೆ? ಬೇಸಿಗೆಯಲ್ಲೇ ಶಾಲು ಹೊದ್ದು ನಡುಗುತ್ತಿದ್ದಳು. ಕರೆದುಕೊಂಡು ಹೋಗುತ್ತಿದ್ದವನು ಭಾವ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತನಾದ ಮನುಷ್ಯ, ಮಾತಿಗೆ ಮುಂಚೆ ತಮಾಷೆ. ಅವನ ಹದಿನಾರು ವರ್ಷದ ಕಾರಿಗೆ ಅವನೇ ಇಟ್ಟ ಹೆಸರು ಮುದುಕಿ. ಈ ಚಳಿಗಾಲ ಶುರುವಾಗಿ ಎರಡು ವಾರಕ್ಕೆ ಮುದುಕಿಯ ಹೀಟರಿನಿಂದ ಉಗುರುಬೆಚ್ಚನೆ ಗಾಳಿ ಮಾತ್ರ ಬರತೊಡಗಿತು. ಹಾಗೇ ಎರಡು ವಾರ ಓಡಾಡಿದ ಮೇಲೆ ಒಂದು ಬುಧವಾರ ಸಂಜೆ ಅಕ್ಕ ನೀಲಿಗಟ್ಟಿದ ತುಟಿಯಲ್ಲಿ ಮನೆಗೆ ಬಂದಳು.

ಇಲ್ಲಿ ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಸ್ತ್ರಿಯ ಕೈ ಸತ್ತು ಮೂರು ವರ್ಷವಾಗಿತ್ತು. ಮೊದಲು ಬೆರಳ ತುದಿ ಜೋಮು ಹಿಡಿದ ಹಾಗಾಯಿತು. ಆಮೇಲೆ ಅಂಗೈ. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಅವನ ಅಂಗೈಯಲ್ಲಿ ನಾಣ್ಯದಷ್ಟು ದೊಡ್ಡ ಬೊಬ್ಬೆ ನೋಡಿ, "ಇದೇನ್ರೀ ಸುಟ್ಕೊಂಡಿದ್ದೀರಾ!" ಎಂದು ಕೂಗಿದಾಗಲೇ ಅವನಿಗೂ ಅದು ಗೊತ್ತಾದದ್ದು. ಡಾಕ್ಟರು ಸೂಜಿ ಚುಚ್ಚಿ ನೋಡಿ, ಸಕ್ಕರೆ ಕಾಯಿಲೆಯಿಂದ ನರಗಳು ಹೋಗಿವೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನಾದರೂ ಕಾಪಾಡಿಕೋ ಎಂದರು. ಮೇಸ್ತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಈ ವಿಷಯ ಈ ಹೊಸ್ತಿಲು ದಾಟಿದ್ರೆ ನೋಡು."

ಆಮೇಲೆ ಹೇಗೆ ನಡೆಸಿದ? ಉಪಾಯದಿಂದ. ಲೋಹದ ಭಾಗವಾದರೆ ಒದ್ದೆ ಬಟ್ಟೆ ಹಿಂಡಿ ನಾಲ್ಕು ಹನಿ ಬೀಳಿಸಿ, ನೀರು ಸಿಡಿಯುವುದನ್ನು ನೋಡುತ್ತಿದ್ದ. ಗಿರಾಕಿಯನ್ನು ಮಾತಿಗೆಳೆದು, "ನೀವೇ ಮುಟ್ಟಿ ನೋಡಿ, ಹೇಗಿದೆ ಹೇಳಿ, ನಿಮಗೂ ಗೊತ್ತಿರಲಿ" ಎಂದು ಅವರ ಬಾಯಿಂದಲೇ ಉತ್ತರ ತೆಗೆಯುತ್ತಿದ್ದ. ಎಷ್ಟೋ ಸಲ ಅಂದಾಜಿನ ಮೇಲೆ ಹೇಳಿಬಿಡುತ್ತಿದ್ದ. ಮೂವತ್ತೈದು ವರ್ಷದ ಅನುಭವವಲ್ಲವೇ, ಹತ್ತರಲ್ಲಿ ಎಂಟು ಸರಿಯಾಗುತ್ತಿದ್ದವು. ತಪ್ಪಾದ ಎರಡಕ್ಕೆ ಗಾಡಿ ಹಳೆಯದು, ಪೆಟ್ರೋಲು ಸರಿಯಿಲ್ಲ, ಹೀಗೆ ಏನಾದರೂ ನೆಪ ಸಿಗುತ್ತಿತ್ತು.

ಗುರುವಾರ ಬೆಳಿಗ್ಗೆ ಭಾವ ಮುದುಕಿಯನ್ನು ತಂದು ನಿಲ್ಲಿಸಿದ. "ಏನಯ್ಯಾ ಕೈಮೀಟರು, ನಿಮ್ಮಕ್ಕ ಬೇರೆ, ಗಾಡಿ ಬೇರೆ, ಇಬ್ಬರು ಮುದುಕೀರೂ ತಣ್ಣಗಾಗ್ತಿದ್ದಾರೆ. ಯಾರನ್ನ ಮೊದಲು ಬಿಸಿ ಮಾಡ್ತೀಯ?"

ಮೇಸ್ತ್ರಿ ಬಾನೆಟ್ ಎತ್ತಿ ಎರಡು ಪೈಪುಗಳನ್ನೂ ಹಿಡಿದ. ರಬ್ಬರಿನ ಮೇಲೆ ನೀರು ಸಿಡಿಯುವುದಿಲ್ಲ. ನೀವೇ ಮುಟ್ಟಿ ನೋಡಿ ಎಂದು ಭಾವನಿಗೆ ಹೇಳಬಹುದಿತ್ತು. ಆದರೆ ಭಾವ ಕೈಕಟ್ಟಿ, ಈಗ ಜಾದೂ ತೋರಿಸುತ್ತಾನೆ ಎಂಬಂತೆ ಅವನ ಮುಖವನ್ನೇ ನೋಡುತ್ತ ನಿಂತಿದ್ದ. ಬಲಗೈಗೆ ಏನೂ ತಿಳಿಯಲಿಲ್ಲ. ಎಡಗೈಗೂ ಏನೂ ತಿಳಿಯಲಿಲ್ಲ. ಎರಡೂ ಒಂದೇ ಥರ ಅನ್ನಿಸಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಧ್ಯದಲ್ಲಿದೆ, ಅಂದಮೇಲೆ ನೀರು ಬಿಸಿಯಿದೆ, ಅಂದಮೇಲೆ ಎರಡೂ ಬಿಸಿಯೇ ಇರಬೇಕು ಎಂದು ಲೆಕ್ಕ ಹಾಕಿ ಕಣ್ಣು ತೆರೆದ.

"ಎರಡೂ ಪೈಪು ಬಿಸಿ. ನೀರಿನ ಕಡೆ ಏನೂ ತೊಂದರೆ ಇಲ್ಲ ಭಾವ. ಒಳಗೆ ಫ್ಲಾಪು ಸಿಕ್ಕಿಹಾಕ್ಕೊಂಡಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು."

"ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡಬೇಕಲ್ಲಯ್ಯಾ?"

"ಶುಕ್ರವಾರ ಸಂಜೆಗೆ ನಿಮ್ಮ ಮನೆ ಮುಂದೆ ಇರುತ್ತೆ."

"ನೀನು ಹೇಳಿದ ಮೇಲೆ ಮುಗೀತು" ಎಂದು ಭಾವ ನಡೆದುಕೊಂಡೇ ಮನೆಗೆ ಹೋದ.

ಡ್ಯಾಶ್‌ಬೋರ್ಡ್ ಬಿಚ್ಚುವುದೆಂದರೆ ಮದುವೆ ಮನೆಯ ಚಪ್ಪರ ಕಿತ್ತಷ್ಟು ಕೆಲಸ. ಮುಂದಿನ ಸೀಟುಗಳನ್ನು ತೆಗೆದು ಹೊರಗಿಟ್ಟ, ಸ್ಟೇರಿಂಗನ್ನು ಕೆಳಗಿಳಿಸಿ ಹಗ್ಗ ಕಟ್ಟಿ ತೂಗುಬಿಟ್ಟ, ಸ್ಕ್ರೂಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಬೇರೆ ಬೇರೆ ಹಾಕಿ ಮುಚ್ಚಿದ. ಸತ್ತ ಬೆರಳಿನಲ್ಲಿ ಸಣ್ಣ ಸ್ಕ್ರೂ ಹಿಡಿಯುವುದು ಬೇರೆ ಕಷ್ಟ. ಬಿದ್ದದ್ದು ಬಿದ್ದ ಸದ್ದಿನಿಂದ ಗೊತ್ತಾಗಬೇಕು. ಗುರುವಾರ ಅದರಲ್ಲೇ ಮುಗಿಯಿತು. ಶುಕ್ರವಾರ ಮಧ್ಯಾಹ್ನ ಫ್ಲಾಪಿನವರೆಗೆ ತಲುಪಿ ಬೆರಳಿನಿಂದ ತಳ್ಳಿ ನೋಡಿದ. ಅದು ಹೊಸ ಮನೆಯ ಬಾಗಿಲಿನ ಹಾಗೆ ಸಲೀಸಾಗಿ ಆಚೀಚೆ ಆಡಿತು. ಮೇಸ್ತ್ರಿ ಅದನ್ನು ಇನ್ನೊಮ್ಮೆ, ಮತ್ತೊಮ್ಮೆ ತಳ್ಳಿ ನೋಡಿದ.

ಟೀ ತಂದ ಹೆಂಡತಿ ಒಮ್ಮೆ ಅವನನ್ನು, ಒಮ್ಮೆ ಬಿಚ್ಚಿ ಹರಡಿದ ಗಾಡಿಯನ್ನು ನೋಡಿದಳು. ದನಿ ತಗ್ಗಿಸಿ, "ಪೈಪನ್ನ ಇನ್ನೊಂದು ಸಲ ಯಾರ ಹತ್ರನಾದ್ರೂ ಮುಟ್ಟಿಸಿ ನೋಡಬಾರದೇನ್ರೀ? ಎಂಜಿನ್ ಹಾಕಿ, ನಾನೇ ಮುಟ್ತೀನಿ. ನನಗೇನು ಬಿಸಿ ತಣ್ಣಗೆ ತಿಳಿಯಲ್ವಾ?" ಎಂದಳು.

ಅವಳ ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಸುಳ್ಳು ಸಿಕ್ಕಿಬೀಳುವ ಹೊತ್ತಿಗೆ ಮನುಷ್ಯನಿಗೆ ಬರುವ ಸಿಟ್ಟು ಕೆಟ್ಟದ್ದು. "ಮೂವತ್ತೈದು ವರ್ಷ ಈ ಕೆಲಸ ಮಾಡಿದ್ದು ನಾನಾ ನೀನಾ? ಹೋಗು, ನಿನ್ನ ಒಲೆ ನೋಡ್ಕೋ ಹೋಗು!" ಎಂದು ರೇಗಿದ. ಅವಳು ಲೋಟ ನೆಲದ ಮೇಲಿಟ್ಟು ಹೋದಳು. ಅವಳ ಮುಖ ಸಪ್ಪಗಾದದ್ದನ್ನು ಅವನು ನೋಡಿದ, ನೋಡಿಯೂ ಕರೆಯಲಿಲ್ಲ.

ಸಂಜೆ ಭಾವನ ಫೋನು ಬಂತು. ಮೇಸ್ತ್ರಿ ಆಗ ಎರಡು ದಾರಿಯ ನಡುವೆ ನಿಂತಿದ್ದ. ಎಲ್ಲವನ್ನೂ ಹಾಗೆಯೇ ಜೋಡಿಸಿ, ಹೀಟರ್ ಆಗಲಿಲ್ಲ ಭಾವ ಎಂದು ಗಾಡಿ ಒಪ್ಪಿಸುವುದು ಒಂದು. ಇನ್ನೊಂದು, ಹುಡುಕುತ್ತಲೇ ಇರುವುದು. ಕೈಮೀಟರಿಗೆ ತನ್ನ ಅಕ್ಕನ ಕಾರಿನ ಹೀಟರೇ ಬಗೆಹರಿಯಲಿಲ್ಲ ಎಂದು ನಾಳೆ ಆ ಪಿಸ್ತೂಲಿನ ಅಂಗಡಿಯವನು ಬೀದಿಯಲ್ಲಿ ಹೇಳಿಕೊಂಡು ನಗುವುದು ಅವನ ಕಿವಿಗೆ ಈಗಲೇ ಕೇಳಿಸಿತು.

"ಸಣ್ಣದೊಂದು ಉಳಿದಿದೆ ಭಾವ. ಬೆಳಿಗ್ಗೆ ಆರಕ್ಕೆ ನಾನೇ ತಂದು ನಿಲ್ಲಿಸ್ತೀನಿ."

ರಾತ್ರಿಯೆಲ್ಲ ಒಂದೊಂದೇ ವೈರು ಹಿಡಿದು, ಫ್ಯಾನು ಬಿಚ್ಚಿ, ಗುಂಡಿ ಬಿಚ್ಚಿ ಹುಡುಕಿದ. ಏನೂ ಕೆಟ್ಟಿರಲಿಲ್ಲ. ಎರಡೂ ಬಿಸಿ ಎಂದ ತನ್ನ ಮಾತು ತಪ್ಪೆಂದು ಒಪ್ಪಲಾರದೆ ಪೈಪಿನ ಕಡೆ ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಆರಾದಾಗ ಸ್ಟೇರಿಂಗು ಇನ್ನೂ ಹಗ್ಗದಲ್ಲಿ ತೂಗುತ್ತಿತ್ತು.

ಗುಡ್ಡದ ದಾರಿಯಲ್ಲಿ ಅಂದು ನಾಲ್ಕು ಬೆರಳು ಹಿಮ ಬಿದ್ದಿದೆಯೆಂದು ಊರಿನ ಬಾಡಿಗೆ ಗಾಡಿಯವರಿಬ್ಬರೂ ಬರಲು ಒಪ್ಪಲಿಲ್ಲ; ಅಂಥ ಹಿಮದಲ್ಲಿ ಮುದುಕಿಯನ್ನು ಭಾವ ಎಷ್ಟೋ ಸಲ ಓಡಿಸಿದ್ದ. ಬಸ್ಸಿನ ಮೆಟ್ಟಿಲು ಹತ್ತುವುದು ಅಕ್ಕನಿಂದ ಆಗದ ಮಾತು. ಅವಳು ಇನ್ನೂ ಹೊರಟಿಲ್ಲ ಎಂದು ಭಾವ ಫೋನು ಮಾಡಿದಾಗ, ಸರದಿ ತಪ್ಪಿತು, ಇನ್ನು ಸೋಮವಾರವೇ ಬನ್ನಿ ಎಂದಿತು ಆಸ್ಪತ್ರೆ. ಮೇಸ್ತ್ರಿಗೆ ಫೋನು ಮಾಡಿದ್ದು ಅಕ್ಕ.

"ಒಂದು ದಿನ ತಪ್ಪಿದ್ರೆ ಏನಾಗಲ್ಲ ಕಣೋ. ಗಾಬರಿ ಬಿದ್ದು ಕೈಗೆ ಪೆಟ್ಟು ಮಾಡ್ಕೋಬೇಡ. ನಿಧಾನಕ್ಕೆ ಮಾಡು."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೇಸ್ತ್ರಿ ಎಲ್ಲವನ್ನೂ ವಾಪಸ್ಸು ಜೋಡಿಸಿ ಮುಗಿಸುವಾಗ ಮಧ್ಯಾಹ್ನ ಒಂದು ಗಂಟೆ. ಎಂಜಿನ್ ಹಾಕಿ ಹತ್ತು ನಿಮಿಷ ಓಡಲು ಬಿಟ್ಟ, ಅದೇ ಉಗುರುಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಇಳಿದು ಬಾನೆಟ್ ಎತ್ತಿದ. ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ಸುತ್ತ ಒಮ್ಮೆ ನೋಡಿ, ಬಗ್ಗಿ, ಮೊದಲ ಪೈಪಿಗೆ ಕೆನ್ನೆ ಇಟ್ಟ.

ಚುರುಕ್ಕೆಂದಿತು. ಹಾರಿ ಹಿಂದೆ ಸರಿದ. ಆಮೇಲೆ ಎರಡನೆಯದಕ್ಕೆ ಕೆನ್ನೆ ಇಟ್ಟ. ಅದು ತಣ್ಣಗಿತ್ತು, ಹೊರಗೆ ಬಿದ್ದ ಕಲ್ಲಿನಷ್ಟು ತಣ್ಣಗೆ. ಅವನು ಎಷ್ಟೋ ಹೊತ್ತು ಹಾಗೆಯೇ ಬಗ್ಗಿ, ಆ ತಣ್ಣನೆ ಪೈಪಿಗೆ ಕೆನ್ನೆ ಕೊಟ್ಟುಕೊಂಡೇ ನಿಂತಿದ್ದ.

ಕೆಲಸ ಅರ್ಧ ತಾಸಿನದು. ಎರಡೂ ಪೈಪು ಕಳಚಿ, ನಲ್ಲಿಯ ರಬ್ಬರ್ ಪೈಪನ್ನು ಜಾಲರಿಗೆ ಉಲ್ಟಾ ಕಡೆಯಿಂದ ಸಿಕ್ಕಿಸಿ ನೀರು ಬಿಟ್ಟ. ಮೊದಲು ಏನೂ ಬರಲಿಲ್ಲ. ಆಮೇಲೆ ತುಕ್ಕು ಬಣ್ಣದ ಕೆಸರು ಗುಳುಗುಳು ಎಂದು ಬಂತು, ಆಮೇಲೆ ತಿಳಿನೀರು. ಪೈಪು ಕೂಡಿಸಿ, ಹೊಸ ಕೂಲಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿ ಹೋಗಲೆಂದು ಗಾಡಿಯ ಮೂತಿಯನ್ನು ಏರಿಗೆ ಮಾಡಿ ನಿಲ್ಲಿಸಿದ. ಹತ್ತು ನಿಮಿಷಕ್ಕೆ ಒಲೆಯ ಮುಂದೆ ಕೂತ ಹಾಗೆ ಬಿಸಿ ಗಾಳಿ ನುಗ್ಗಿತು. ಮೂರು ದಿನ ಹಾಳು ಮಾಡಿದ ಅರ್ಧ ತಾಸಿನ ಕೆಲಸ! ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹಾಗಂತ ನಿಜ ಹೇಳಿದನೇ? ಇಲ್ಲ. ಸಂಜೆ ಗಾಡಿ ಒಪ್ಪಿಸುವಾಗ, "ಫ್ಲಾಪು ಮುರಿದು ಒಳಗೆ ಸಿಕ್ಕಿಕೊಂಡಿತ್ತು ಭಾವ, ಅದಕ್ಕೇ ಇಷ್ಟು ಹೊತ್ತಾಯ್ತು" ಎಂದ. ಭಾವ ಅವನ ಬೆನ್ನು ತಟ್ಟಿದ. ಒಳಗೆ ಅಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮುಖ ಊದಿತ್ತು, ಪಾದಗಳು ಊದಿ ಚರ್ಮ ಹೊಳೆಯುತ್ತಿತ್ತು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. "ಮಲಗಿದ್ರೆ ಉಸಿರು ಕಟ್ಟುತ್ತೆ, ಅದಕ್ಕೆ ಕೂತಿದ್ದೀನಿ ಅಷ್ಟೇ" ಎಂದು ಅವನಿಗೇ ಸಮಾಧಾನ ಹೇಳಿದಳು.

ಭಾನುವಾರ ಬೆಳಿಗ್ಗೆ ಅವಳಿಗೆ ಕೂತರೂ ಉಸಿರು ಸಿಗಲಿಲ್ಲ. ಅಷ್ಟರಲ್ಲಿ ದಾರಿಯ ಹಿಮ ತೆಗೆದಿದ್ದರು. ಭಾವ ಗಾಡಿ ಓಡಿಸಿದ. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ಅವಳನ್ನು ಎದೆಗೆ ಒರಗಿಸಿಕೊಂಡು ಕೂತ. ಗಾಡಿಯೊಳಗೆ ಹಿತವಾದ ಬಿಸಿ, ಅವಳ ಗಂಟಲಿನಲ್ಲಿ ಗೊರಗೊರ ಸದ್ದು. ಎಂಥ ದಾರಿ ಅದು, ಯಾವ ಶತ್ರುವಿಗೂ ಬೇಡ. ಆಸ್ಪತ್ರೆಯವರು ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಕೂಡಲೇ ಯಂತ್ರಕ್ಕೆ ಹಾಕಿದರು. ಜೀವ ಉಳಿಯಿತು. ಆದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ, ಮೊದಲಿನ ಹಾಗೆ ಮನೆಯಲ್ಲಿ ಓಡಾಡಿಕೊಂಡಿರಲು ಇನ್ನು ಆಗುವುದಿಲ್ಲ, ಬಹಳ ದಿನ ಇರುತ್ತಾರೆ ಎಂದೂ ಹೇಳಲಾರೆ ಎಂದು ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು ಹೇಳಿದರು.

ನಾಲ್ಕು ದಿನ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಇಬ್ಬರೂ ಸರದಿಯಲ್ಲಿ ಕಾದರು. ಭಾವ ಕಂಡ ಕಂಡ ನರ್ಸಿಗೆಲ್ಲ ಇವನನ್ನು ತೋರಿಸಿ, "ಇವಳ ತಮ್ಮ. ನಿದ್ದೆಗೆಟ್ಟು ಹೀಟರ್ ಸರಿ ಮಾಡಿದ. ಇಲ್ದಿದ್ರೆ ಆ ಚಳಿಗೆ ದಾರೀಲೇ ಕಳ್ಕೋತಿದ್ವಿ" ಎನ್ನುತ್ತಿದ್ದ. ಪ್ರತಿ ಸಲವೂ ಮೇಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ನಾಲ್ಕು ದಿನಕ್ಕೆ ಅವನು ಮೂರು ಹೊತ್ತು ಊಟ ಮಾಡಿರಲಿಕ್ಕಿಲ್ಲ.

ಗುರುವಾರ ಮನೆಗೆ ಕಳಿಸಿದರು. ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು, ಮೇಸ್ತ್ರಿ ಮುಂದೆ ಭಾವನ ಪಕ್ಕ ಕೂತಿದ್ದ. ಗುಡ್ಡದ ಏರು ಮುಗಿಯುತ್ತಿದ್ದಂತೆ ಭಾವ ಹೀಟರಿನ ಗುಂಡಿ ತಟ್ಟಿ, "ನೋಡಯ್ಯಾ, ಮುದುಕಿಗೆ ಪ್ರಾಯ ಬಂದಿದೆ. ಎಲ್ಲಾ ನಿನ್ನ ಕೈಗುಣ" ಎಂದ.

"ಫ್ಲಾಪು ಸರಿಯಾಗೇ ಇತ್ತು ಭಾವ" ಎಂದ ಮೇಸ್ತ್ರಿ. ಅವನಿಗೇ ತನ್ನ ದನಿ ಯಾರದೋ ಅನ್ನಿಸಿತು. "ಒಂದು ಪೈಪು ತಣ್ಣಗಿತ್ತು. ನಂಗೆ ಗೊತ್ತಾಗಲಿಲ್ಲ. ನನ್ನ ಕೈಗೆ ಬಿಸಿ, ತಣ್ಣಗೆ, ಏನೂ ತಿಳಿಯಲ್ಲ. ಮೂರು ವರ್ಷ ಆಯ್ತು. ಯಾರಿಗೂ ಹೇಳಿರಲಿಲ್ಲ. ಅರ್ಧ ತಾಸಿನ ಕೆಲಸ ಅದು."

ಭಾವ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.

"ಶುಕ್ರವಾರ ಸಂಜೆ ನಾನು ಫೋನ್ ಮಾಡಿದೆನಲ್ಲ. ಬೆಳಿಗ್ಗೆಗೆ ಸರಿಹೋಗುತ್ತೆ ಅನ್ನೋ ನಂಬಿಕೆ ಇತ್ತಾ ನಿನಗೆ?"

"ಇರಲಿಲ್ಲ."

"ಇದ್ದ ಹಾಗೇ ಜೋಡಿಸಿ ಕೊಡೋಕೆ ಎಷ್ಟು ಹೊತ್ತು ಬೇಕಿತ್ತು?"

"ಆರು ತಾಸು."

ಭಾವ ಇವನ ಕಡೆ ತಿರುಗಿದ. ತಮಾಷೆಯಿಲ್ಲದ ಅವನ ಮುಖವನ್ನು ಮೇಸ್ತ್ರಿ ಅದುವರೆಗೆ ಕಂಡಿರಲಿಲ್ಲ.

"ಎರಡು ವಾರ ಆ ತಣ್ಣನೆ ಗಾಡೀಲೇ ಹೋಗಿ ಬಂದಿದ್ವಿ. ನಡುಗ್ತಾ ಹೋದ್ವಿ, ನಡುಗ್ತಾ ಬಂದ್ವಿ. ಬಂದ್ವಲ್ಲ. ಅವಳಿಗೆ ಹೀಟರ್ ಬೇಕಾಗಿರಲಿಲ್ಲ ಕಣಯ್ಯಾ. ಗಾಡಿ ಬೇಕಾಗಿತ್ತು."

ಹಿಂದಿನಿಂದ ಅಕ್ಕನ ದನಿ ಬಂತು. "ಹೊರಡ್ರಿ. ಮನೆಗೆ ಹೋಗೋಣ."

ಅವಳು ಯಾವಾಗಿನಿಂದ ಎಚ್ಚರವಿದ್ದಳೋ, ಎಷ್ಟು ಕೇಳಿಸಿಕೊಂಡಳೋ, ಹಿಂದೆ ತಿರುಗಿ ನೋಡುವ ಧೈರ್ಯ ಮೇಸ್ತ್ರಿಗೆ ಆಗಲಿಲ್ಲ. ಭಾವ ಗಾಡಿ ಹೊರಡಿಸಿದ.

ಮನೆಗೆ ನಾಲ್ಕು ಮೆಟ್ಟಿಲು. ಭಾವ ಬೀಗ ತೆಗೆಯಲು ಮುಂದೆ ಹೋದ. ಮೇಸ್ತ್ರಿ ಎರಡು ವರ್ಷದಿಂದ ಮಾಡುತ್ತಿದ್ದಂತೆಯೇ ಅಕ್ಕನ ಎಡಗೈಯನ್ನು ಹಿಡಿದು ಗಾಡಿಯಿಂದ ಇಳಿಸಿಕೊಂಡ. ಅವಳು ಮೊದಲ ಮೆಟ್ಟಿಲ ಬಳಿ ನಿಂತು, ಇನ್ನೊಂದು ಕೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಈ ಕೈ ಹಿಡೀಬೇಡ ಕಣೋ. ಯಂತ್ರದ ಸೂಜಿ ಚುಚ್ಚೋದು ಈ ಕೈಗೇ, ಒತ್ತಬಾರದು ಅಂದಿದ್ದಾರೆ. ಎಷ್ಟು ಬಿಗಿಯಾಗಿ ಹಿಡೀತೀಯ ಅಂತ ನಿನಗೆ ತಿಳಿಯಲ್ಲವಲ್ಲ" ಎಂದಳು. ತೋಳಿನ ಮೇಲೆ ಅವನ ನಾಲ್ಕು ಬೆರಳ ಗುರುತು ಕೆಂಪಗೆ ಮೂಡಿತ್ತು.

ಆಮೇಲೆ ಅವಳು ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತ ಹತ್ತಿದಳು. ಮೇಸ್ತ್ರಿ ಎರಡೂ ಕೈ ಇಳಿಬಿಟ್ಟುಕೊಂಡು ಕೆಳಗೇ ನಿಂತಿದ್ದ.